ಅಟ್ಟದ ಮೇಲಿನ ಕಾಯಿ

ತೋಟದ ಮನೆ, ಚೇಳೂರು ಹೋಬಳಿ, ಗುಬ್ಬಿ ತಾಲ್ಲೂಕು
12-10-1978

ಚಿರಂಜೀವಿ ದೊಡ್ಡಯ್ಯನಿಗೆ ತಾಯಿ ಪುಟ್ಟತಾಯಮ್ಮ ಮಾಡುವ ಆಶೀರ್ವಾದಗಳು. ಇತ್ತ ನಾನು, ಹಸು, ಕರು ಎಲ್ಲ ಕ್ಷೇಮ. ಅತ್ತ ನಿನ್ನ ಕ್ಷೇಮಕ್ಕೆ ಕಾಗದ ಬರೆಯುವುದು.

ನೀನು ಈ ಮನೆಯ ಹೊಸ್ತಿಲು ಇಳಿದು ಐದು ತಿಂಗಳಾಯಿತು. ನನ್ನ ಅಣ್ಣನ ಮಗಳನ್ನು ಸೊಸೆಯಾಗಿ ತರುತ್ತೇನೆಂದು ನಾನು ತವರಿನಲ್ಲಿ ವೀಳ್ಯ ಹಿಡಿದು ಬಂದಿದ್ದೆ. ನೀನು ಕುಣಿಗಲ್ಲಿನ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಾ ಅಮೃತೂರಿನ ಹುಡುಗಿಯನ್ನು ಕಂಡೆ, ಯಾರನ್ನೂ ಕೇಳದೆ ತಾಳಿ ಕಟ್ಟಿದೆ. ಆವತ್ತು ನಾನು ಬಾಗಿಲಲ್ಲಿ ನಿಂತು ಅಂದ ಮಾತು ನಿನಗೂ ನೆನಪಿದೆ, ನನಗೂ ನೆನಪಿದೆ. 'ನನ್ ತವರು ಬಾಗ್ಲು ಮುಚ್ಚಿಸ್ದೆ. ನನ್ ಬಾಗ್ಲು ನಿಂಗ್ಯಾಕ್ ತೆಗೀಲಿ?' ಅಂದದ್ದು ಅಂದೆ. ಈಗ ಕೇಳುವುದು ಇಷ್ಟೇ: ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಆ ಹುಡುಗಿಗೆ ಮುದ್ದೆ ತಿರುವಲು ಬರುತ್ತದೆಯಾ?

ಇಂತಿ ನಿನ್ನ ತಾಯಿ

ಬರೆದವನ ವಿಜ್ಞಾಪನೆ: ನಾನು ಸದಾಶಿವಯ್ಯ. ಹಿಂದೆ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಈಗ ಪಂಚಾಂಗ ಮಾರಿಕೊಂಡು ಊರೂರು ತಿರುಗುತ್ತೇನೆ. ಓದು ಬಾರದವರಿಗೆ ಕಾಗದ ಓದಿ ಹೇಳುತ್ತೇನೆ, ಬರೆದು ಕೊಡುತ್ತೇನೆ. ವಿಳಾಸಕ್ಕೆ ಮಗನ ಹೆಸರು ಹೇಳಿ ಎಂದರೆ ನಿಮ್ಮ ತಾಯಿ ಬಾಯಿ ಬಿಡಲಿಲ್ಲ. 'ದೊಡ್ಡಯ್ಯ ಅಂತ ಬರೀರಿ ಸಾಕು' ಎಂದರು. ದೊಡ್ಡಯ್ಯ ಎಂದರೆ ಕುಣಿಗಲ್ಲಿನಲ್ಲಿ ನೂರು ಜನ ಸಿಕ್ಕುತ್ತಾರೆ ಎಂದೆ. ಕೊನೆಗೆ ಪಕ್ಕದ ತೋಟದ ಅಂಜಿನಪ್ಪ ಬಂದು ನಕ್ಕು, 'ಅಯ್ಯೋ ಮೇಷ್ಟ್ರೆ, ಅವ್ನೆಸ್ರು ಜುಂಜಪ್ಪ. ಅವ್ರ ತಾತನ್ ಹೆಸ್ರಿಕ್ಕವ್ರೆ. ಮಾವನ್ ಹೆಸ್ರು ಅಕ್ಕ ಎಂಗೆ ಹೇಳ್ತಾಳೆ? ಜುಂಜಪ್ಪನ್ ಗುಡ್ಡಕ್ಕೂ ದನದ್ ದೇವ್ರ ಗುಡ್ಡ ಅಂತಾಳೆ' ಎಂದು ಹೇಳಿದ ಮೇಲೆ ವಿಳಾಸ ಬರೆದೆ.


ಕುಣಿಗಲ್
20-10-1978

ಅವ್ವನ ಪಾದಕ್ಕೆ ಜುಂಜಪ್ಪನ ನಮಸ್ಕಾರಗಳು.

ಕಾಗದ ಬಂದ ದಿನ ನಾನು ಬಸ್ಸಿನಲ್ಲಿ ಮೂರು ಜನಕ್ಕೆ ತಪ್ಪು ಟಿಕೆಟ್ ಹರಿದೆ. ಡ್ರೈವರ್ ರಂಗಯ್ಯ 'ಏನ್ಲಾ, ಕಣ್ಣಲ್ಲಿ ಧೂಳು ಬಿತ್ತಾ?' ಎಂದ. ಹೂಂ ಎಂದೆ.

ನೀನು ಕೇಳಿದ್ದಕ್ಕೆ ಉತ್ತರ: ಗಂಗಲಕ್ಷ್ಮಿಗೆ ಮುದ್ದೆ ತಿರುವಲು ಬರುತ್ತದೆ, ಆದರೆ ಮೊದಲ ದಿನ ಕೋಲು ಮುರಿಯಿತು. ಕಾಗದವನ್ನು ಅವಳೇ ಜೋರಾಗಿ ಓದಿದಳು. ಮುದ್ದೆಯ ಮಾತಿಗೆ ಬಂದಾಗ ನಿಲ್ಲಿಸಿ, 'ಅತ್ತೆ ನನ್ನ ಕೇಳವ್ರೆ ಕಣ್ರೀ' ಎಂದಳು. ಬೈದಿದ್ದಾಳೆ ಎಂದು ನಾನು ಹೇಳಿದೆ. 'ಬೈಯೋದಾದ್ರೂ ಕೇಳಿದ್ ಹಂಗೇ ಅಲ್ವಾ' ಎಂದಳು.

ಒಂದು ಮಾತು ಕೇಳಬೇಕಿದೆ ಅವ್ವ. ನಾನು ಮನೆಗೆ ಬರಬಹುದೇ? ಅವಳನ್ನೂ ಕರೆದುಕೊಂಡು? ನೀನು ನಿನ್ನ ಬಾಯಿಂದ ಬಾ ಎನ್ನುವವರೆಗೆ ಬರುವುದಿಲ್ಲ ಎಂದು ಆವತ್ತು ಆಣೆ ಇಟ್ಟು ಹೋದವನು ನಾನು. ಅದನ್ನು ನೀನೇ ಬಿಡಿಸಬೇಕು.

ಕಾಗದ ಬರೆದುಕೊಟ್ಟ ಸದಾಶಿವಯ್ಯನವರಿಗೆ ನಮಸ್ಕಾರ ತಿಳಿಸು.


ತೋಟದ ಮನೆ
3-12-1978

ಚಿರಂಜೀವಿ ದೊಡ್ಡಯ್ಯನಿಗೆ ತಾಯಿಯ ಆಶೀರ್ವಾದಗಳು.

ನಿನ್ನ ಕಾಗದ ಕೈ ಸೇರಿತು. ಕರುವಿಗೆ ಹೊಟ್ಟೆ ಉಬ್ಬರಿಸಿತ್ತು, ಈಗ ಗುಣವಾಗಿದೆ. ನಿನ್ನ ಮುಖ ನೋಡದೆ ನನ್ನ ಕಣ್ಣು ಮಸುಕಾಗಿದೆ ಮಗನೇ. ಮುಸ್ಸಂಜೆಯಲ್ಲಿ ದೀಪ ಹಚ್ಚುವಾಗ ಬಾಗಿಲ ಕಡೆ ನೋಡುತ್ತೇನೆ. ತಾಯಿಯ ಸಿಟ್ಟು ಹಾಲಿನ ಉಕ್ಕಿನ ಹಾಗೆ, ತಣ್ಣಗಾದ ಮೇಲೆ ಉಳಿಯುವುದು ಹಾಲೇ. ಆಣೆಯನ್ನು ನಾನು ಬಿಡಿಸಿದ್ದೇನೆ. ನೀನೂ ನನ್ನ ಸೊಸೆಯೂ ಈ ಮನೆಗೆ ಬನ್ನಿ.

ಇಂತಿ ನಿನ್ನ ತಾಯಿ

ಬರೆದವನ ವಿಜ್ಞಾಪನೆ: ನೀವು ನನಗೆ ನಮಸ್ಕಾರ ತಿಳಿಸಿದ್ದಿರಿ. ಹದಿನಾಲ್ಕು ವರ್ಷದಿಂದ ಕಾಗದ ಬರೆಯುತ್ತಿದ್ದೇನೆ, ಬರೆದವನನ್ನು ನೆನೆದವರು ನೀವೇ ಮೊದಲು.


ಕುಣಿಗಲ್
15-1-1979

ಅವ್ವನ ಪಾದಕ್ಕೆ ನಮಸ್ಕಾರಗಳು.

'ಉಳಿಯುವುದು ಹಾಲೇ' ಎಂಬಲ್ಲಿಗೆ ಬಂದಾಗ ನಾನು ಅತ್ತುಬಿಟ್ಟೆ. ಗಂಗಲಕ್ಷ್ಮಿ ಮಾತ್ರ, 'ಚೆನ್ನಾಗೈತೆ. ಆದ್ರೆ ಹೋದ್ ಕಾಗ್ದದಲ್ಲಿ ಬೈದಿದ್ರಲ್ಲ, ಅದು ಇನ್ನೂ ಚೆನ್ನಾಗಿತ್ತು' ಎಂದಳು. ಅವಳ ಬುದ್ಧಿ ಹಾಗೆ.

ಕೂಡಲೇ ಹೊರಡಬೇಕೆಂದಿದ್ದೆವು. ಅಷ್ಟರಲ್ಲಿ ಸಂಗತಿ ಗೊತ್ತಾಯಿತು. ನಿನ್ನ ಸೊಸೆಗೆ ಈಗ ಮೂರನೆಯ ತಿಂಗಳು. ವಾಂತಿ ಬಹಳ. ಬಸ್ಸು ಹತ್ತಿಸಬೇಡ ಎಂದು ಅವರಮ್ಮ ಹೇಳಿದ್ದಾರೆ. ಆದ್ದರಿಂದ ಯುಗಾದಿಗೆ ನಾನೊಬ್ಬನೇ ಬರುತ್ತೇನೆ. ನಿನ್ನನ್ನು ಇಲ್ಲಿಗೆ ಕರೆದುಕೊಂಡು ಬರುತ್ತೇನೆ. ಬಾಣಂತನ ಮುಗಿಯುವವರೆಗೆ ನೀನು ಇಲ್ಲಿಯೇ ಇರಬೇಕು. ಹಸುವನ್ನು ಅಂಜಿನಪ್ಪನ ಮನೆಯಲ್ಲಿ ಕಟ್ಟಿದರಾಯಿತು.


ತೋಟದ ಮನೆ
2-2-1979

ಚಿರಂಜೀವಿ ದೊಡ್ಡಯ್ಯನಿಗೆ ಆಶೀರ್ವಾದಗಳು.

ವಿಷಯ ಕೇಳಿ ಬಹಳ ಸಂತೋಷವಾಯಿತು. ಯುಗಾದಿಗೆ ಬಾ. ನಾನು ನಿನ್ನ ಜೊತೆ ಬರುತ್ತೇನೆ. ಸೊಸೆಗೆ ಹುಳಿ ತಿನ್ನುವ ಬಯಕೆ ಇದ್ದರೆ ತಡೆಯಬೇಡ, ಭಾರ ಎತ್ತಲು ಬಿಡಬೇಡ. ಹಗಲೂ ಇರುಳೂ ನನಗೆ ಅವಳದೇ ಯೋಚನೆ.

ಇಂತಿ ನಿನ್ನ ತಾಯಿ

ಬರೆದವನ ವಿಜ್ಞಾಪನೆ: ನಿಮ್ಮ ಕಾಗದವನ್ನು ಮೂರು ಸಲ ಓದಿಸಿದರು. ಮೂರನೆಯ ಸಲ ಮುಗಿಯುವ ಮೊದಲೇ ಎದ್ದು ಒಳಗೆ ಹೋದರು. ಏಣಿ ಎಳೆದ ಸದ್ದಾಯಿತು. ಬಹಳ ಹೊತ್ತಾದ ಮೇಲೆ ತಲೆತುಂಬ ಜೇಡರ ಬಲೆ ಹಚ್ಚಿಕೊಂಡು ಬಂದು ಕೂತರು. ಮುದುಕರ ಸಂಭ್ರಮ, ಏನು ಹೇಳುವುದು. ನೀವು ತಾಯಿಯನ್ನು ಕರೆದುಕೊಂಡು ಹೋದ ಮೇಲೆ ಈ ಜಗುಲಿಯಲ್ಲಿ ನನಗೆ ಕೆಲಸವಿರುವುದಿಲ್ಲ.


ಕುಣಿಗಲ್
10-3-1979

ಅವ್ವನ ಪಾದಕ್ಕೆ ನಮಸ್ಕಾರಗಳು. ರಜೆ ಸಿಕ್ಕಿದೆ. ಹಬ್ಬದ ಹಿಂದಿನ ದಿನ, 27ಕ್ಕೆ, ಮಧ್ಯಾಹ್ನದೊಳಗೆ ಬರುತ್ತೇನೆ. ಗಂಟು ಕಟ್ಟಿಟ್ಟಿರು. ಹೆಚ್ಚು ಬರೆಯುವುದಿಲ್ಲ, ಉಳಿದದ್ದನ್ನು ಎದುರಿಗೇ ಹೇಳುತ್ತೇನೆ.


ತೋಟದ ಮನೆ
22-3-1979

ಚಿರಂಜೀವಿ ದೊಡ್ಡಯ್ಯನಿಗೆ ತಾಯಿ ಮಾಡುವ ಅನೇಕ ಆಶೀರ್ವಾದಗಳು.

ಕಂದಾ, ಈ ಕಾಗದ ಕಂಡು ಬೇಸರ ಮಾಡಿಕೊಳ್ಳಬೇಡ. ಪಂಚಾಂಗ ನೋಡಿಸಿದೆ. ಬರುವ ಸಂವತ್ಸರದಲ್ಲಿ ನಿನ್ನ ನಕ್ಷತ್ರಕ್ಕೂ ನನ್ನ ನಕ್ಷತ್ರಕ್ಕೂ ದೋಷವಿದೆಯಂತೆ. ಹೆರಿಗೆಯಾಗುವವರೆಗೆ ನಾವು ಒಬ್ಬರ ಮುಖ ಒಬ್ಬರು ನೋಡಬಾರದಂತೆ. ನೋಡಿದರೆ ಮಗುವಿಗೆ ಕೇಡು. ಆದ್ದರಿಂದ ಬರಬೇಡ. ಮುಖ ನೋಡದಿದ್ದರೇನು, ಕಾಗದ ಇದೆಯಲ್ಲ. ತಿಂಗಳಿಗೆ ಒಂದಾದರೂ ಬರೆ. ಹಸು ನೋಡಿಕೊಳ್ಳಲು ಕೈಲಾಗದೆ ಅಂಜಿನಪ್ಪನ ಮನೆಗೆ ಹೊಡೆಸಿದ್ದೇನೆ. ನಾನು ಆರಾಮವಾಗಿದ್ದೇನೆ.

ಇಂತಿ ನಿನ್ನ ಪ್ರೀತಿಯ ತಾಯಿ


ಕುಣಿಗಲ್
9-4-1979

ಅವ್ವನ ಪಾದಕ್ಕೆ ನಮಸ್ಕಾರಗಳು.

ಹಬ್ಬದ ದಿನ ಚೀಲ ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ಹಿಂದಕ್ಕೆ ಬಂದೆ. ಮಗುವಿನ ಮಾತಾದ್ದರಿಂದ ಮೀರಲು ಧೈರ್ಯ ಬರಲಿಲ್ಲ. ಗಂಗಲಕ್ಷ್ಮಿ ನಿನ್ನ ಕಾಗದವನ್ನು ಮತ್ತೆ ತೆಗೆದು ಓದಿದಳು. 'ಹಸು ಬುಟ್ಟು ಒಂದಿನ ಇರ್ತಿರ್ಲಿಲ್ಲ ಅಂತ ನೀವೇ ಹೇಳ್ತಿದ್ರಿ' ಎಂದಳು. ವಯಸ್ಸಾಯಿತಲ್ಲ ಎಂದೆ.

ಸದಾಶಿವಯ್ಯನವರು ಕೆಳಗೆ ತಮ್ಮ ವಿಜ್ಞಾಪನೆ ಬರೆದಿಲ್ಲ. ಕ್ಷೇಮವಾಗಿದ್ದಾರೆ ತಾನೆ?


ತೋಟದ ಮನೆ
18-5-1979

ನನ್ನ ಮುದ್ದು ಕಂದನಿಗೆ ತಾಯಿಯ ಆಶೀರ್ವಾದಗಳು.

ಸದಾಶಿವಯ್ಯನವರು ಚೆನ್ನಾಗಿದ್ದಾರೆ. ಅವರನ್ನು ನೆನೆಯುವ ಮನಸ್ಸು ನಿನಗಿದೆ, ಅದು ದೊಡ್ಡದು. ನಿನ್ನ ಕಾಗದ ಬರುವ ದಿನ ಅಂಚೆಯವನ ಸೈಕಲ್ ಸದ್ದು ಕೆರೆ ಏರಿಯ ಆಚೆಯಿಂದಲೇ ಕೇಳಿಸುತ್ತದೆ. ಬಾರದ ದಿನ ಈ ಮನೆ ಮನೆಯಲ್ಲ. ಒಂದೊಂದು ಕಾಗದವನ್ನೂ ಹತ್ತು ಸಲ ಓದುತ್ತೇನೆ.

ಒಂದು ಆಸೆ. ನಾನು ಯಾವಾಗಲೂ ನಿನ್ನನ್ನು ಊಟ ಮಾಡಿದೆಯಾ ಎಂದು ಕೇಳುತ್ತೇನೆ. ನೀನು ಒಂದು ಸಲವೂ ನನ್ನನ್ನು ಕೇಳಲಿಲ್ಲ. ಮುಂದಿನ ಕಾಗದದಲ್ಲಿ ಕೇಳು.

ಇಂತಿ ನಿನ್ನ ಪ್ರೀತಿಯ ತಾಯಿ


ಕುಣಿಗಲ್
3-6-1979

ಅವ್ವ, ಊಟ ಮಾಡಿದೆಯಾ?

ನಿಜ, ನಾನು ಒಂದು ಸಲವೂ ಕೇಳಿಲ್ಲ. ನೀನು ಒಲೆಯ ಮುಂದೆ ಕೂತವಳು, ಉಣ್ಣದೆ ಇರುತ್ತೀಯಾ ಎಂದುಕೊಂಡಿದ್ದೆ. ಮಗನಾದವನ ಮೂರ್ಖತನ. ಇನ್ನು ಮೇಲೆ ಪ್ರತಿ ಕಾಗದದಲ್ಲೂ ಮೊದಲು ಅದನ್ನೇ ಬರೆಯುತ್ತೇನೆ.

ನಾನು ಈ ಕಾಗದಗಳನ್ನು ಡಬ್ಬಿಯಲ್ಲಿಟ್ಟಿದ್ದೇನೆ. ನೀನು ಹೀಗೆಲ್ಲ ಮಾತಾಡಬಲ್ಲೆ ಎಂದು ಮೂವತ್ತು ವರ್ಷ ನನಗೆ ಗೊತ್ತಿರಲಿಲ್ಲ. ಒಂದು ಅನುಮಾನ: 'ಹತ್ತು ಸಲ ಓದುತ್ತೇನೆ' ಎಂದು ಬರೆಸಿದ್ದೀಯಲ್ಲ, ಓದಿಸುತ್ತೇನೆ ಎಂದಿರಬೇಕು ಅಲ್ಲವೇ? ಗಂಗಲಕ್ಷ್ಮಿ ಅದನ್ನು ಹಿಡಿದು ನಗುತ್ತಿದ್ದಾಳೆ, 'ಅತ್ತೆ ನಮಗ್ ಹೇಳ್ದೆ ಇಸ್ಕೂಲ್ ಸೇರವ್ರೆ' ಎಂದು.


ತೋಟದ ಮನೆ
5-7-1979

ನನ್ನ ಕಂದನಿಗೆ ಆಶೀರ್ವಾದಗಳು.

ಊಟ ಮಾಡಿದೆ ಮಗನೇ. ಆ ಒಂದು ಸಾಲು ಓದಿ ಹೊಟ್ಟೆ ತುಂಬಿತು.

ಸೊಸೆಗೆ ಈಗ ದಿನ ತುಂಬುತ್ತಾ ಬಂದಿದೆ. ಅವಳ ಹೆರಿಗೆ ಸುಸೂತ್ರವಾಗಲೆಂದು ಸೋಮವಾರ ಜುಂಜಪ್ಪನ ಗುಡ್ಡ ಹತ್ತಿ ಬಂದೆ. ಜುಂಜಪ್ಪನ ಮುಂದೆ ನಿಂತು, ಸ್ವಾಮೀ, ನನ್ನ ಮಗನ ಮನೆಯಲ್ಲಿ ತೊಟ್ಟಿಲು ತೂಗಲಿ ಎಂದು ಬೇಡಿಕೊಂಡೆ. ಗಾಳಿ ತಂಪಾಗಿತ್ತು. ನಿನ್ನ ನೆನಪಾಯಿತು.

ಇಂತಿ ನಿನ್ನ ಪ್ರೀತಿಯ ತಾಯಿ


ಕುಣಿಗಲ್
14-7-1979

ಅವ್ವ, ಊಟ ಮಾಡಿದೆಯಾ?

ಒಂದು ವಿಷಯ. ನಿನ್ನ ಕಾಗದವನ್ನು ಗಂಗಲಕ್ಷ್ಮಿ ಓದುತ್ತಿದ್ದಳು. ಗುಡ್ಡದ ಮಾತು ಬಂದಲ್ಲಿ ನಿಲ್ಲಿಸಿದಳು. ಮತ್ತೆ ಓದಿದಳು. ಆಮೇಲೆ ಕಾಗದವನ್ನು ಮಡಿಸಿ ನನ್ನ ಕೈಗೆ ಕೊಟ್ಟು, 'ಇದು ನಿಮ್ಮವ್ವ ಹೇಳಿದ್ದಲ್ಲ' ಎಂದಳು.

'ಯಾಕೆ?' ಎಂದೆ.

'ಜುಂಜಪ್ಪ ಅಂತ ಎರಡು ಸಲ ಐತೆ. ನಿಮ್ಮ ಹೆಸ್ರು ಒಂದಿನ ಕೂಗ್ದೋರು, ದೇವ್ರ ಹೆಸ್ರು ಒಂದಿನ ಎತ್ತಿದೋರು ಅಲ್ಲ. ಮಾವನ್ ಹೆಸ್ರು ಬಾಯಿಗೆ ಬಂದ್ರೆ ನಾಲಿಗೆ ಕಚ್ಕೊಳ್ಳೋರು ಅಂತ ನೀವೇ ಹೇಳಿದ್ರಿ.'

'ಬರೆದೋರು ತಿದ್ದಿರಬೇಕು ಬುಡು.'

'ತಿದ್ದಿದ್ರೆ ಮೊದ್ಲಿಂದ ತಿದ್ದೋರು. ಗಂಡಸ್ರಿಗೆ ಇದು ಕಾಣ್ಸಲ್ಲ. ನೀವ್ ಓಗಿ ನೋಡ್ಕೊಂಡ್ ಬನ್ನಿ. ದೋಷ ಬಂದ್ರೆ ನನಗ್ ಬರ್ಲಿ.'

ನಾನು ನಕ್ಕೆ. ಅವಳು ನಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಾಳೆ, ಇದನ್ನು ಬರೆದು ಮುಗಿಸುವವರೆಗೆ ಸರಿಯುವುದಿಲ್ಲವಂತೆ. ಅದಕ್ಕೆ 22ನೆಯ ತಾರೀಕು ಭಾನುವಾರ ಬರುತ್ತಿದ್ದೇನೆ. ನಿನ್ನ ಮುಖ ನೋಡುವುದಿಲ್ಲ, ಬಾಗಿಲ ಆಚೆ ನಿಲ್ಲುತ್ತೇನೆ. ಒಳಗಿನಿಂದಲೇ ಒಂದು ಮಾತು ಬೈದುಬಿಡು. ಧ್ವನಿ ಕೇಳಿ ಹೊರಟುಬಿಡುತ್ತೇನೆ.


ಕುಣಿಗಲ್
6-4-1980

ಸದಾಶಿವಯ್ಯನವರಿಗೆ,
ಜೈಲು, ತುಮಕೂರು

ನಿಮಗೆ ಕಾಗದ ಬರೆಯುತ್ತೇನೆ ಎಂದುಕೊಂಡಿರಲಿಲ್ಲ. ಈ ಹಿಂದೆ ಬರೆದದ್ದೂ ನಿಮಗೇ ಎಂದು ಆಮೇಲೆ ಗೊತ್ತಾಯಿತು.

ಆ ಭಾನುವಾರ ನಾನು ಬರುವುದು ನಿಮಗೆ ತಿಳಿದಿತ್ತು. ಕಾಗದ ನಿಮ್ಮ ಕೈಯಲ್ಲೇ ಇತ್ತು. ಓಡಿಹೋಗಬಹುದಿತ್ತು. ನೀವು ನಮ್ಮ ಜಗುಲಿಯ ಮೇಲೆ ಕೂತು ಬರೆಯುತ್ತಿದ್ದಿರಿ. ತಲೆಯೆತ್ತಿ, 'ಬಾ ದೊಡ್ಡಯ್ಯ. ಬಿಸಿಲು ಜಾಸ್ತಿ, ನೀರು ಕುಡಿ' ಎಂದು ಬೆಲ್ಲ, ನೀರು ತಂದಿಟ್ಟಿರಿ. ನಾನು ಕುಡಿದೆ. ಕುಡಿದ ಮೇಲೆ ಅವ್ವ ಎಲ್ಲಿ ಎಂದೆ. ನೀವು ತೋಟದ ಮೂಲೆಯ ಹಾಳು ಬಾವಿಯ ಕಡೆ ನೋಡಿದಿರಿ. ಆ ನೀರು ಈಗಲೂ ನನ್ನ ಗಂಟಲಲ್ಲಿದೆ.

ಪಕ್ಕದಲ್ಲೇ ಅಂಜಿನಪ್ಪನಿದ್ದ. 'ಮಗ ಬಂದು ಕುಣಿಗಲ್ಗೆ ಕರ್ಕೊಂಡೋದ, ಮನೆ ನೋಡ್ಕೊಳ್ಳಾಕೆ ನಂಗೇಳವ್ನೆ ಅಂತ ಮೇಷ್ಟ್ರು ಹೇಳಿದ್ರು ಕಣ್ಲಾ. ನಾನು ನಂಬ್ಬುಟ್ಟೆ' ಎಂದು ನೆಲಕ್ಕೆ ಕೂತುಬಿಟ್ಟ. ನಮಗೆ ಅವಳು ತೋಟದಲ್ಲಿದ್ದಳು, ಊರಿಗೆ ಅವಳು ನಮ್ಮ ಜೊತೆಯಿದ್ದಳು. ನಾಲ್ಕು ತಿಂಗಳು ನಮ್ಮೆಲ್ಲರನ್ನೂ ಹಾಗೆ ಇಟ್ಟಿರಿ.

ಹಾಗಲವಾಡಿಯ ನರಸಮ್ಮ, ಇನ್ನೂ ಇಬ್ಬರು ಒಂಟಿ ಹೆಂಗಸರು, ನಮ್ಮವ್ವ. ನೀವು ಕೊಂದದ್ದು ನಾಲ್ಕು ಜನರನ್ನು. ಕೋರ್ಟಿನಲ್ಲಿ ಹೆಸರು ಓದುವಾಗ ನೀವು ಪ್ರತಿ ಹೆಸರಿಗೂ ಹಾಜರಿ ಕರೆದವರ ಹಾಗೆ ತಲೆಯಾಡಿಸುತ್ತಿದ್ದಿರಿ. ಪತ್ರಿಕೆಯವರು ಕಾಗದದ ಸದಾಶಿವಯ್ಯ ಎಂದು ಬರೆದರು. ಬಸ್ಸಿನಲ್ಲಿ ಎಲ್ಲರಿಗೂ ಅದೇ ಮಾತು. 'ಆಸ್ತಿಗೆ ಮಾಡ್ದ' ಎಂದು ಒಬ್ಬ, 'ಮಾಟಕ್ಕೆ' ಎಂದು ಒಬ್ಬ. ಯಾರ ಮನೆಯಲ್ಲೂ ನೀವು ಒಂದು ಚೊಂಬನ್ನೂ ಮುಟ್ಟಿಲ್ಲ ಎಂದು ಪೊಲೀಸರೇ ಹೇಳಿದ್ದಾರೆ.

ಗಲ್ಲು ಶಿಕ್ಷೆಯಾಗಿದೆ, ಮೇಲಿನ ಕೋರ್ಟಿಗೆ ಹೋಗಿದ್ದೀರಿ. ಅದು ನನಗೆ ಬೇಕಿಲ್ಲ. ಬೇಕಾದದ್ದು ಒಂದೇ. ಡಬ್ಬಿಯಲ್ಲಿ ನಿಮ್ಮ ಕೈಬರಹದ ಆರು ಕಾಗದಗಳಿವೆ. ಕೊನೆಯ ಮೂರು ನಿಮ್ಮವೇ. ಮೊದಲಿನ ಮೂರು ಅವ್ವ ಬದುಕಿದ್ದಾಗಿನವು. 'ಆಣೆಯನ್ನು ಬಿಡಿಸಿದ್ದೇನೆ, ನೀನೂ ನನ್ನ ಸೊಸೆಯೂ ಬನ್ನಿ' ಎಂದು ಅವುಗಳಲ್ಲಿ ಇದೆ. ಅದು ಅವ್ವನ ಮಾತೇ? ಅಥವಾ ಅದೂ ನಿಮ್ಮದೇ?

ನಮ್ಮವ್ವ ನನ್ನನ್ನು ಕ್ಷಮಿಸಿ ಸತ್ತಳೋ ಕ್ಷಮಿಸದೆ ಸತ್ತಳೋ ಎಂಬುದು ಈ ಭೂಮಿಯ ಮೇಲೆ ನಿಮಗೊಬ್ಬರಿಗೇ ಗೊತ್ತು. ಹೇಳಿ.

ಜುಂಜಪ್ಪ


ಜೈಲು, ತುಮಕೂರು
20-4-1980

ಚಿರಂಜೀವಿ ದೊಡ್ಡಯ್ಯನಿಗೆ ಆಶೀರ್ವಾದಗಳು.

ಒಂಬತ್ತು ತಿಂಗಳ ಮೇಲೆ ನಿನ್ನ ಕೈಬರಹ ನೋಡಿದೆ. ಮಗು ಗಂಡೋ ಹೆಣ್ಣೋ ಬರೆದಿಲ್ಲ.

ನನ್ನನ್ನು ಎಲ್ಲರೂ ಯಾಕೆ ಎಂದು ಕೇಳುತ್ತಾರೆ. ತಿಳಿದಷ್ಟು ಹೇಳುತ್ತೇನೆ. ನನ್ನ ತಾಯಿಗೆ ಓದು ಬರುತ್ತಿರಲಿಲ್ಲ. ತುಮಕೂರಿನಲ್ಲಿ ಹಾಸ್ಟೆಲಿನಲ್ಲಿದ್ದಾಗ ನಾನು ಬರೆದ ಕಾಗದಗಳೆಲ್ಲ ಅವಳು ಸತ್ತ ಮೇಲೆ ಗೋಡೆಯ ಗೂಡಿನಲ್ಲಿ ಸಿಕ್ಕವು, ಒಂದನ್ನೂ ಒಡೆದಿರಲಿಲ್ಲ. ಓದಿಸಿಕೊಳ್ಳಲು ಅವಳಿಗೆ ಯಾರೂ ಇರಲಿಲ್ಲ. ಇದನ್ನು ಹೇಳಿದಾಗ ನನ್ನ ವಕೀಲರು ಕಣ್ಣೊರೆಸಿಕೊಂಡರು. ನಡೆದದ್ದೋ, ಯಾರಿಗೋ ಬರೆದುಕೊಟ್ಟ ಕಾಗದದಲ್ಲಿ ನಾನೇ ಕಟ್ಟಿದ್ದೋ, ಈಗ ನನಗೂ ಸರಿಯಾಗಿ ನೆನಪಿಲ್ಲ.

ನೆನಪಿರುವುದು ಇದು. ಕಾಗದ ಓದುವವರೆಗೆ ಆ ಹೆಂಗಸರು ನನ್ನ ಬಾಯನ್ನೇ ನೋಡುತ್ತಾರೆ. ಮುಗಿದ ಮೇಲೆ ಕಾಗದ ಇಸಿದುಕೊಂಡು ಅದನ್ನು ಸವರುತ್ತಾರೆ. ಅಲ್ಲಿರುವುದು ನನ್ನ ದನಿ, ನನ್ನ ಮಾತು. ಆದರೆ ನಾನು ಅವರಿಗೆ ಕಾಣುವುದಿಲ್ಲ. ನಾನು ಮುರಿದ ಮನೆಗಳನ್ನು ಕೂಡಿಸಿದ್ದೇನೆ ದೊಡ್ಡಯ್ಯ, ಹತ್ತಾರು ಮನೆ. ಕೂಡಿದ ಮೇಲೆ ಯಾರೂ ಕಾಗದ ಬರೆಸುವುದಿಲ್ಲ. ನರಸಮ್ಮನನ್ನು ಕರೆದುಕೊಂಡು ಹೋಗಲು ಅವಳ ತಮ್ಮ ಬರುತ್ತೇನೆ ಎಂದು ಬರೆದಾಗ, ಅವನು ಬಾರದಿದ್ದರೆ ಎಷ್ಟು ಚೆನ್ನ ಎಂದುಕೊಂಡೆ. ಬಾರದ ಹಾಗೆ ಮಾಡಲು ಒಂದೇ ದಾರಿ ಕಂಡಿತು. ಆಮೇಲೆ ಎರಡು ವರ್ಷ ಅವನಿಗೆ ನಾನು ಅಕ್ಕನಾಗಿದ್ದೆ. ನರಸಮ್ಮನಿಗಿಂತ ಒಳ್ಳೆಯ ಅಕ್ಕ.

ನಿನ್ನ ತಾಯಿಗೆ 27ಕ್ಕೆ ಬರುತ್ತೇನೆ ಎಂಬ ಕಾಗದ ಓದಿದೆ. 'ಇನ್ ನೀವು ಬರೋದ್ ಬ್ಯಾಡ ಸ್ವಾಮಿ, ನನ್ ಮಗ ಬತ್ತಾನೆ' ಎಂದಳು. ನಗುತ್ತಲೇ ಅಂದಳು. ಆ ರಾತ್ರಿ ಅವಳಿಗೆ ನೋವಾಗಲಿಲ್ಲ. ನಿದ್ದೆಯಲ್ಲಿದ್ದಳು.

ಗುಡ್ಡದ ಹೆಸರು ಬರೆದು ಸಿಕ್ಕಿಬಿದ್ದೆ. ಬೇಕೆಂದೇ ಬರೆದಿರಾ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಅವಳು ಆ ಹೆಸರು ಎತ್ತುವುದಿಲ್ಲ ಎಂದು ನನಗೆ ಗೊತ್ತಿತ್ತಲ್ಲ. ಆದರೆ ಆ ಹೊತ್ತಿಗೆ ನಾನು ಅವಳ ಪರವಾಗಿ ಬರೆಯುತ್ತಿರಲಿಲ್ಲ. ನಾನೇ ಬರೆಯುತ್ತಿದ್ದೆ. ನನಗೆ ಮಾವ ಇರಲಿಲ್ಲವಲ್ಲ.

ಈಗ ನಿನ್ನ ಪ್ರಶ್ನೆ. ನಿನ್ನ ತಾಯಿ ಹೇಳಿದ್ದರಲ್ಲಿ ಬರೆಯತಕ್ಕದ್ದು ಏನಿತ್ತು? ಹಸು, ಕರು, ಮಜ್ಜಿಗೆ. ನಿನ್ನ ಕಾಗದ ಓದಿ ನಾನು ಕಣ್ಣೊರೆಸಿಕೊಂಡರೆ ಅವಳು, 'ಅಟ್ಟದ್ ಮ್ಯಾಲೆ ಕಾಯವೆ ಅಂತ ಬರೀರಿ' ಎಂದಳು. ಬಸಿರಿನ ಸುದ್ದಿ ಬಂದಾಗಲೂ ಅದನ್ನೇ: 'ಅಟ್ಟದ್ ಮ್ಯಾಲೆ ಕಾಯವೆ, ಮೊದ್ಲು ಅದ್ ಬರೀರಿ.' ಅಗಲಿದ ಮಗನಿಗೆ ತಾಯಿಯೊಬ್ಬಳು ಕಾಯಿಯ ಸಂಗತಿ ಬರೆಯುತ್ತಾಳೆಯೇ? ಬಿಟ್ಟೆ. ಅದರ ಬದಲು 'ನಿನ್ನ ಮುಖ ನೋಡದೆ ಕಣ್ಣು ಮಸುಕಾಗಿದೆ' ಎಂದು ಬರೆದೆ. ನೀನು ಅತ್ತೆ. ಯಾರ ಮಾತಿಗೆ ಅತ್ತೆ ಎಂಬುದನ್ನು ನೀನೇ ಯೋಚಿಸು.

ಆಣೆ ಬಿಡಿಸಿದಳೋ ಇಲ್ಲವೋ, ಅದು ನನಗೆ ಗೊತ್ತು. ಹೇಳುತ್ತೇನೆ. ಒಂದೇ ಒಂದು ಕಾಗದ ಬರೆ, ಮೊದಲಿನ ಹಾಗೆ. ಮೊದಲ ಸಾಲು 'ಅವ್ವ, ಊಟ ಮಾಡಿದೆಯಾ' ಎಂದಿರಲಿ. ಇಲ್ಲಿ ಯಾರೂ ಕೇಳುವುದಿಲ್ಲ.


ಕುಣಿಗಲ್
15-6-1980

ಸದಾಶಿವಯ್ಯನಿಗೆ,

ಉತ್ತರ ತಡವಾಯಿತು. ಒಂದು ಸಲ ನೀನು ಕೇಳಿದ ಹಾಗೆಯೇ ಬರೆಯಲು ಕೂತಿದ್ದೆ. ಸುಳ್ಳೇಕೆ ಹೇಳಲಿ. ಒಂದು ಸಾಲು ಬರೆದುಕೊಟ್ಟರೆ ನನ್ನದೇನು ಹೋಗುತ್ತದೆ, ತಿಳಿಯಬೇಕಾದದ್ದು ತಿಳಿಯುತ್ತದಲ್ಲ ಎನಿಸಿತು. 'ಅವ್ವ' ಎಂದು ಬರೆದೆ. ಮುಂದಕ್ಕೆ ಪೆನ್ನು ಹೋಗಲಿಲ್ಲ.

ಗಂಗಲಕ್ಷ್ಮಿ ನಿನ್ನ ಕಾಗದ ತೆಗೆದುಕೊಂಡು ಒಲೆಯ ಬೆಳಕಿನಲ್ಲಿ ಓದಿದಳು. ಎಲ್ಲ ಓದಿ ಒಂದೇ ಮಾತು ಕೇಳಿದಳು: 'ಎರಡು ಸಲ ಹೇಳವ್ರಲ್ಲ, ಏನ್ ಕಾಯಿ ಅದು?'

'ನಮ್ಮ ಕಡೆ ಎಲ್ಲರ ಅಟ್ಟದ ಮೇಲೂ ಕಾಯಿ ಇರುತ್ತೆ. ಕೊಬ್ಬರಿಗೆ ಹಾಕಿರ್ತಾರೆ' ಎಂದೆ.

'ಎಲ್ರ ಮನೇಲೂ ಇರೋದನ್ನ ಯಾರಾದ್ರೂ ಮೊದ್ಲು ಬರೀರಿ ಅಂತಾರಾ? ಅವ್ನನ್ ಕೇಳೋ ಬದ್ಲು ಮನೇನ್ ಕೇಳಿ.'

ಆ ಮನೆಯ ಬೀಗವನ್ನು ಪೊಲೀಸರು ಕೊಟ್ಟ ಮೇಲೆ ನಾನು ತೆಗೆದಿರಲಿಲ್ಲ. ಹೋದ ಭಾನುವಾರ ಮೂವರೂ ಹೋದೆವು. ಮಗುವನ್ನೂ ಎತ್ತಿಕೊಂಡು. ಅಂಜಿನಪ್ಪ ಬಂದು ಏಣಿ ಹಿಡಿದ. ನಾನು ಅಟ್ಟ ಹತ್ತಿದೆ. ದೊಡ್ಡ ರಾಶಿಯನ್ನು ಇಲಿಗಳು ಹಾಳು ಮಾಡಿದ್ದವು. ಗೋಡೆಯ ಮೂಲೆಯಲ್ಲಿ ಬಿದಿರ ತಟ್ಟಿ ಕಟ್ಟಿ, ಬೇರೆಯಾಗಿ ಒಂದಿಷ್ಟು ಕಾಯಿ ಇಟ್ಟಿತ್ತು. ಒಂದೊಂದಕ್ಕೂ ಸುಣ್ಣದ ಬೊಟ್ಟು.

'ಏನಣ್ಣಾ ಇದು?' ಎಂದು ಮೇಲಿನಿಂದಲೇ ಕೂಗಿದೆ.

'ಸುಣ್ಣದ್ ಬೊಟ್ಟಿಂದಾ? ಅಯ್ಯೋ, ಅವು ಇನ್ನೂ ಅವ್ಯಾ?' ಎಂದ ಅಂಜಿನಪ್ಪ. 'ನೀನು ಮದ್ವೆ ಆಗಿ ಓದ್ಯಲ್ಲ, ಅದಾದ್ ಹದಿನೈದ್ ದಿನಕ್ಕೆ ಕಾಯಿ ಕೆಡವ್ಸಿದ್ಲು ಕಣ್ಲಾ. ನಾನೇ ಅಟ್ಟಕ್ಕೆ ಏರಿಸ್ದೆ. "ನಮ್ಮತ್ತೆ ನೆಟ್ಟ ಮರದ್ದು ಬ್ಯಾರೆ ಇಕ್ಕು" ಅಂದ್ಲು. "ಯಾಕಕ್ಕ?" ಅಂದೆ. "ಬಾಣಂತಿಗೆ" ಅಂದ್ಲು. "ಯಾವ್ ಬಾಣಂತಿ? ನಿಮ್ಮನೇಲಿ ಬೆಕ್ಕೂ ಬಸ್ರಾಗಿಲ್ಲ" ಅಂದೆ. "ಆಯ್ತಾಳೆ ಬುಡು. ಬಾಣಂತಿಗೆ ಹಸೀ ಕಾಯಿ ಆಗಾಕಿಲ್ಲ, ಕೊಬ್ರೀನೇ ಆಗ್ಬೇಕು. ಕೊಬ್ರಿ ಆಗಾಕೆ ವರ್ಸ ಬೇಕು. ಅವ್ಳು ಬಸ್ರಾದ್ ಮ್ಯಾಲೆ ಏರಿಸಿದ್ರೆ ಒಣಗ್ತಾವೇನ್ಲಾ ಪೆದ್ದ?" ಅಂತ ನನ್ಗೇ ಬೈದ್ಲು.'

'ಸಿಟ್ಟಿರ್ಲಿಲ್ವಾ ಅವ್ವಂಗೆ?'

'ಇರ್ದೆ ಏನು! ಕಾಯಿ ಏರ್ಸೋ ಗಂಟ ನಿನ್ನ ಬೈತಾನೇ ಇದ್ಲು.'

ಕೇಳಿಸಿಕೊಂಡೆಯಾ ಸದಾಶಿವಯ್ಯ? ನಾನು ಮದುವೆಯಾದದ್ದು ಮೇ ತಿಂಗಳಲ್ಲಿ. ನೀನು ನಮ್ಮ ಜಗುಲಿಗೆ ಬಂದದ್ದು ಅಕ್ಟೋಬರಿನಲ್ಲಿ. ನೀನು ನಮ್ಮ ಮನೆಯನ್ನು ಕೂಡಿಸಲಿಲ್ಲ. ನೀನು ಬರುವ ಮೊದಲೇ ಅವಳು ಕೂಡಿಸಿ ಅಟ್ಟದ ಮೇಲೆ ಒಣಗಲು ಇಟ್ಟಿದ್ದಳು. ಬಾಯಲ್ಲಿ ಬಾಗಿಲು ಮುಚ್ಚಿದೆ ಎಂದಳು, ಬೈದಳು, ಬೈಯುತ್ತಲೇ ಮೊಮ್ಮಗುವಿನ ಬಾಣಂತನಕ್ಕೆ ಕಾಯಿ ಏರಿಸಿದಳು. ನಮ್ಮ ಜನ ಕ್ಷಮಿಸಿದ್ದೇನೆ ಎಂದು ಬಾಯಲ್ಲಿ ಹೇಳುವುದಿಲ್ಲ. ಅದನ್ನು ಹೇಳುವ ಬಗೆ ಇದು. ನಾನು ಇಲ್ಲಿಯೇ ಹುಟ್ಟಿದವನು, ನನಗೆ ಕೇಳಿಸಬೇಕಿತ್ತು. ನೀನು ಆ ಮಾತು ಬರೆದಿದ್ದರೆ ಗಂಗಲಕ್ಷ್ಮಿಗೆ ಅವತ್ತೇ ತಿಳಿಯುತ್ತಿತ್ತು. ನಾವು ಯುಗಾದಿಯವರೆಗೆ ಕಾಯುತ್ತಿರಲಿಲ್ಲ, ವಾಂತಿಯಿದ್ದರೂ ಬಸ್ಸು ಹತ್ತುತ್ತಿದ್ದೆವು. ಅದನ್ನು ನೆನೆದರೆ ಇನ್ನೂ ನಿದ್ದೆ ಬರುವುದಿಲ್ಲ.

ನಮ್ಮ ಕಡೆ ಸಾವಿನ ಕಾಗದವನ್ನು ಮನೆಯೊಳಗೆ ಇಡುವುದಿಲ್ಲ, ಓದಿದ ಕೂಡಲೇ ಹೊರಗೆ ನಿಂತು ಹರಿಯುತ್ತಾರೆ. ನಮ್ಮವ್ವನ ಸಾವಿನ ಕಾಗದವನ್ನು ನನಗೆ ಯಾರೂ ಬರೆಯಲಿಲ್ಲ. ಮಾರ್ಚಿನಿಂದ ಈಚೆಗೆ ಬಂದ ನಿನ್ನ ಮೂರು ಕಾಗದಗಳೇ ಅದು ಎಂದು ತಿಳಿದು, ಆ ತೋಟದಲ್ಲೇ ನಿಂತು ಹರಿದೆ. ಜೈಲಿನಿಂದ ಬರೆದದ್ದನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಅದರಲ್ಲಿ ಅವ್ವನ ಒಂದು ಮಾತಿದೆ, ಅವಳು ಹೇಳಿದ ಹಾಗೆಯೇ ಇದೆ.

ನೀನು ಕೇಳಿದ ಸಾಲನ್ನು ಬರೆಯುವುದಿಲ್ಲ. ಅದು ನಿನ್ನದಲ್ಲ. ಅದನ್ನು ಅಟ್ಟದ ಕೆಳಗೆ ನಿಂತು ಬಾಯಲ್ಲೇ ಕೇಳಿ ಬಂದೆ. ಆಣೆ ಬಿಡಿಸಿದಳೋ ಇಲ್ಲವೋ ಎಂಬ ಸಂಗತಿಯನ್ನು ನೀನೇ ಇಟ್ಟುಕೋ. ಮುಂದೆ ಕಾಗದ ಬಂದರೆ ಒಡೆಯುವುದಿಲ್ಲ.

ಮಗು ಹೆಣ್ಣು. ಹತ್ತು ತಿಂಗಳಾಯಿತು. ಇಲಿ ಮುಟ್ಟದ ಕಾಯಿ ಹನ್ನೊಂದು ಸಿಕ್ಕವು. ಹತ್ತನ್ನು ಅಂಜಿನಪ್ಪ ಸುಲಿದುಕೊಟ್ಟ. ಬಾಣಂತನ ಮುಗಿದು ಎಷ್ಟೋ ದಿನವಾಯಿತು, ಆದರೂ ಗಂಗಲಕ್ಷ್ಮಿ ದಿನಾ ಒಂದು ಚೂರು ಕೊಬ್ಬರಿಯನ್ನು ಬೆಲ್ಲದ ಜೊತೆ ತಿನ್ನುತ್ತಾಳೆ, 'ಅತ್ತೆ ಕೊಟ್ಟಿದ್ದು' ಎಂದು. ಉಳಿದ ಒಂದನ್ನು ಮಗು ಬಿಡುತ್ತಿಲ್ಲ. ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತದೆ. ಒಳಗೆ ಒಣಗಿದ ಕೊಬ್ಬರಿ ಗಿಟುಕು ಗಡಗಡ ಅನ್ನುತ್ತದೆ. ನಿಲ್ಲಿಸಿ ಕಿವಿಗೊಡುತ್ತದೆ, ನಗುತ್ತದೆ, ಮತ್ತೆ ಅಲ್ಲಾಡಿಸುತ್ತದೆ.

ಅವ್ವ ಹೇಳಿ ಕಳಿಸಿದ್ದು ತಲುಪಿತು.

ಜುಂಜಪ್ಪ